ಮನೆಯಲ್ಲೇ ಮಕ್ಕಳಿಗೆ ಫ್ರೆಂಚ್: 120 ಮಿಂಚುಪಟ್ಟಿಗಳ ಪೆಟ್ಟಿಗೆಯೊಂದರ ವಿಮರ್ಶೆ

ಕಳೆದ ಜುಲೈ ತಿಂಗಳಲ್ಲಿ ಕಾರವಾರದ ನಮ್ಮ ಮನೆಗೆ ಕೊರಿಯರ್ ಮೂಲಕ ಒಂದು ಪೆಟ್ಟಿಗೆ ಬಂತು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮನೆಯಲ್ಲೇ ಫ್ರೆಂಚ್ ಕಲಿಸಲು ಪಾಲಕರಿಗೆ ನೆರವಾಗುವಂತೆ ಸಿದ್ಧಪಡಿಸಿದ ಕಲಿಕಾ ಸಾಮಗ್ರಿ ಅದು. ಅದರೊಳಗೆ 120 ಮಿಂಚುಪಟ್ಟಿಗಳು (ಫ್ಲ್ಯಾಶ್‌ಕಾರ್ಡುಗಳು), 64 ಪುಟಗಳ ಅಭ್ಯಾಸ ಪುಸ್ತಕ, ಪಾಲಕರಿಗೆಂದೇ ಬರೆದ ತೆಳ್ಳನೆಯ ಕೈಪಿಡಿ, ಮತ್ತು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಉಚ್ಚಾರಣೆ ಕೇಳಿಸುವ ಕ್ಯೂಆರ್ ಕೋಡುಗಳ ಒಂದು ಹಾಳೆ ಇದ್ದವು. ನಾನು ಕೊಟ್ಟ ಬೆಲೆ 1,450 ರೂಪಾಯಿ. ನಾಲ್ಕನೆಯ ತರಗತಿಯ ಮಗಳು ಮತ್ತು ಎರಡನೆಯ ತರಗತಿಯ ಮಗನೊಂದಿಗೆ ಎಂಟು ತಿಂಗಳು ಇದನ್ನು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಪರಿಚಯದವರಿಬ್ಬರು ತರಿಸಿದ ಬೇರೆ ಎರಡು ಪೆಟ್ಟಿಗೆಗಳನ್ನೂ ಬಿಡಿಸಿ ನೋಡಿದೆ. ನಾನು ಮುಂದೆ ಹೇಳಲಿರುವ ಕೊರತೆಗಳಲ್ಲಿ ಹೆಚ್ಚಿನವು ಅವುಗಳಲ್ಲಿಯೂ ಇದ್ದವು. ಆದ್ದರಿಂದ ಯಾರ ಪೆಟ್ಟಿಗೆ ಎಂಬುದಕ್ಕಿಂತ, ಕೊಳ್ಳುವಾಗ ಮತ್ತು ಬಳಸುವಾಗ ಏನನ್ನು ಗಮನಿಸಬೇಕು ಎಂಬುದೇ ಓದುಗರಿಗೆ ಹೆಚ್ಚು ಉಪಯುಕ್ತ.

ನಮಗೆ ಫ್ರೆಂಚ್ ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಈ ಪೆಟ್ಟಿಗೆಯನ್ನು ನಾನು ಅಳೆದದ್ದು ಆ ಅಗತ್ಯದಿಂದಲೇ. ನನ್ನ ತಂಗಿಯ ಸಂಸಾರ ಕೆನಡಾದ ಮಾಂಟ್ರಿಯಲ್ ನಗರದಲ್ಲಿದೆ. ಆ ನಗರವಿರುವ ಕ್ವಿಬೆಕ್ ಪ್ರಾಂತದಲ್ಲಿ 1977ರಲ್ಲಿ ಫ್ರೆಂಚ್ ಭಾಷೆಯ ಸನ್ನದು ಜಾರಿಗೆ ಬಂದಂದಿನಿಂದ, ಹೊರದೇಶಗಳಿಂದ ವಲಸೆ ಬಂದವರ ಮಕ್ಕಳು ಸರ್ಕಾರಿ ಶಾಲೆಗೆ ಸೇರಿದರೆ ಸಾಮಾನ್ಯವಾಗಿ ಫ್ರೆಂಚ್ ಮಾಧ್ಯಮದಲ್ಲೇ ಓದಬೇಕು. ತಂಗಿಯ ಮಗ ಅಲ್ಲಿಯೇ ಬೆಳೆಯುತ್ತಿರುವವನು. ಕನ್ನಡ ಅವನಿಗೆ ಅರ್ಥವಾಗುತ್ತದೆ, ಆದರೆ ಮಾತು ಬರುವುದು ಫ್ರೆಂಚಿನಲ್ಲಿ. ಭಾನುವಾರ ಸಂಜೆ ವಿಡಿಯೋ ಕರೆಯಲ್ಲಿ ಮೂವರು ಮಕ್ಕಳೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರೇ ಹೊರತು, ನಾಲ್ಕು ಮಾತಿಗಿಂತ ಮುಂದೆ ಹೋಗುತ್ತಿರಲಿಲ್ಲ. ಅವನಿಗೆ ಕನ್ನಡ ಕಲಿಸುವ ಕೆಲಸವನ್ನು ತಂಗಿ ಅಲ್ಲಿ ಮಾಡುತ್ತಿದ್ದಾಳೆ. ನನ್ನ ಮಕ್ಕಳೂ ಅವನ ಕಡೆಗೆ ಒಂದಷ್ಟು ದಾರಿ ನಡೆಯಬೇಕು ಎಂದು ನನಗೆ ಅನ್ನಿಸಿತು. ನನಗೆ ಸ್ವತಃ ಒಂದಕ್ಷರ ಫ್ರೆಂಚ್ ಬರುತ್ತಿರಲಿಲ್ಲ. ಮಕ್ಕಳಿಗಿಂತ ಒಂದು ದಿನ ಮುಂಚೆ ಕಲಿತು, ಮರುದಿನ ಅವರ ಜೊತೆ ಕುಳಿತು ಮಾಡಿದ ಪಾಠ ಇದು.

ಸಾಮಗ್ರಿಯ ಗುಣಮಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಟ್ಟಿಗಳು ದಪ್ಪ ರಟ್ಟಿನವು, ಅಂಚು ದುಂಡಗಿದೆ, ಮಕ್ಕಳ ಕೈಗೆ ಚುಚ್ಚುವುದಿಲ್ಲ. ಆದರೆ ಮೇಲ್ಪದರಕ್ಕೆ ಪ್ಲಾಸ್ಟಿಕ್ ಲೇಪನವಿಲ್ಲ. ನಮ್ಮ ಕರಾವಳಿಯ ಮಳೆಗಾಲದ ಥಂಡಿಗೆ ಒಂದು ತಿಂಗಳಲ್ಲೇ ಪಟ್ಟಿಗಳು ಉಬ್ಬಿ ಬಾಗಿದವು, ಹತ್ತಾರು ಒಂದಕ್ಕೊಂದು ಅಂಟಿಕೊಂಡವು. ಈ ಭಾಗದಲ್ಲಿ ಇಂಥದ್ದನ್ನು ತರಿಸುವವರು ಮೊದಲ ದಿನವೇ ಲ್ಯಾಮಿನೇಷನ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಪೆಟ್ಟಿಗೆಯಲ್ಲಿ ನಿಜಕ್ಕೂ ಮೆಚ್ಚತಕ್ಕ ಸಂಗತಿಯೊಂದಿದೆ. ಪ್ರತಿ ಚಿತ್ರದ ಕೆಳಗೆ ಪದವನ್ನು ಒಂಟಿಯಾಗಿ ಬರೆಯದೆ, ಅದರ ಹಿಂದೆ ಬರುವ 'ಲ' ಅಥವಾ 'ಲಾ' ಎಂಬ ಉಪಪದದ ಸಮೇತ ಬರೆದಿದ್ದಾರೆ. ಪುಲ್ಲಿಂಗದ ಪದಗಳಿಗೆ ನೀಲಿ ಅಂಚು, ಸ್ತ್ರೀಲಿಂಗದ ಪದಗಳಿಗೆ ಕೆಂಪು ಅಂಚು. ಫ್ರೆಂಚಿನಲ್ಲಿ ಜೀವವಿಲ್ಲದ ವಸ್ತುಗಳಿಗೂ ಲಿಂಗವಿದೆ, ನಪುಂಸಕಲಿಂಗ ಇಲ್ಲ. ಯಾವ ವಸ್ತು ಯಾವ ಲಿಂಗಕ್ಕೆ ಸೇರುತ್ತದೆ ಎಂಬುದನ್ನು ಅರ್ಥದಿಂದ ಊಹಿಸಲು ಬರುವುದಿಲ್ಲ, ಪದದ ಜೊತೆಗೇ ಕಲಿಯಬೇಕು. ಕನ್ನಡದ ಮಗುವಿಗೆ ಇದು ದೊಡ್ಡ ತೊಡಕು, ಏಕೆಂದರೆ ನಮ್ಮಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಮನುಷ್ಯರು ಮತ್ತು ದೇವತೆಗಳನ್ನು ಬಿಟ್ಟರೆ ಉಳಿದದ್ದೆಲ್ಲ 'ಅದು'. ಚಂದ್ರನ ಪಟ್ಟಿ ಕೈಗೆ ಬಂದ ದಿನ ಮಗ ಅದರ ಕೆಂಪು ಅಂಚನ್ನು ನೋಡಿ, "ಚಂದಮಾಮ ಹೆಂಗಸು ಹೇಗಾಗ್ತಾನೆ?" ಎಂದು ಕೇಳಿದ. ಫ್ರೆಂಚರಿಗೆ ಸೂರ್ಯ ಪುಲ್ಲಿಂಗ, ಚಂದ್ರ ಸ್ತ್ರೀಲಿಂಗ. ಅವನ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ನನ್ನ ಅತ್ತೆ. ಅವರ ಮನೆಮಾತು ಕೊಂಕಣಿ. "ನಮ್ಮಲ್ಲಿ ತೆಂಗಿನಮರ, ಅಂದ್ರೆ ಮಾಡ್, ಅದು ತೊ, ಅಂದ್ರೆ ಅವನು; ದಾರಿ, ವಾಟ್, ಅದು ತೀ, ಅವಳು; ಮನೆ, ಘರ್, ಮಾತ್ರ ತೆಂ, ಅದು. ಮರಕ್ಕೆ ಮೀಸೆ ಇದ್ಯಾ, ದಾರಿಗೆ ಜಡೆ ಇದ್ಯಾ?" ಎಂದು ಕೇಳಿದರು. ಕೊಂಕಣಿಯಲ್ಲಿ ಮೂರು ಲಿಂಗ, ಫ್ರೆಂಚಿನಲ್ಲಿ ಎರಡು. ವಸ್ತುವಿಗೆ ಲಿಂಗ ಕೊಡುವುದು ಭಾಷೆಯ ರೂಢಿಯೇ ಹೊರತು ವಸ್ತುವಿನ ಸ್ವಭಾವವಲ್ಲ ಎಂಬುದು ಮಗನಿಗೆ ಅಜ್ಜಿಯ ಒಂದು ಮಾತಿನಲ್ಲಿ ಮನದಟ್ಟಾಯಿತು.

ಆ ಸಂಜೆಯಿಂದಲೇ ಈ ಪೆಟ್ಟಿಗೆಯ ಮುಖ್ಯ ಕೊರತೆ ನನಗೆ ಕಾಣಿಸತೊಡಗಿದ್ದು. ಇದನ್ನು ಸಿದ್ಧಪಡಿಸಿದವರ ಮನಸ್ಸಿನಲ್ಲಿ ಇರುವುದು ಇಂಗ್ಲಿಷ್ ಮನೆಮಾತಿನ ಮಗು. ಅರ್ಥ ಇಂಗ್ಲಿಷಿನಲ್ಲಿ, ಉಚ್ಚಾರಣೆಯ ಸೂಚನೆ ಇಂಗ್ಲಿಷ್ ಅಕ್ಷರಗಳಲ್ಲಿ, ವ್ಯಾಕರಣದ ಹೋಲಿಕೆಗಳೂ ಇಂಗ್ಲಿಷಿನವೇ. ಕಾರವಾರದ ಮಗು ಕನ್ನಡದಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಫ್ರೆಂಚಿಗೆ ಹೋಗಬೇಕು. ಕಾಳಿ ನದಿ ದಾಟಿ ಸದಾಶಿವಗಡಕ್ಕೆ ಹೋಗಬೇಕಾದವರನ್ನು ಅಂಕೋಲೆಯ ಬಸ್ಸಿಗೆ ಹತ್ತಿಸಿದ ಹಾಗೆ. ಸುತ್ತುದಾರಿಯೊಂದೇ ಆಗಿದ್ದರೆ ಸಹಿಸಬಹುದಿತ್ತು. ಎಷ್ಟೋ ಕಡೆ ಆ ದಾರಿ ತಪ್ಪು ಜಾಗಕ್ಕೇ ಮುಟ್ಟಿಸುತ್ತದೆ.

ಒಂದು ಅಕ್ಷರದ ಉದಾಹರಣೆ ಸಾಕು. ಫ್ರೆಂಚಿನ 'ಟಿ' ಅಕ್ಷರದ ಧ್ವನಿ ನಾಲಿಗೆ ಹಲ್ಲಿಗೆ ತಾಗಿ ಹುಟ್ಟುವ ನಮ್ಮ 'ತ'. 'ಟ' ಅಲ್ಲವೇ ಅಲ್ಲ. ಹಾಗೆಯೇ 'ಡಿ' ಅಕ್ಷರ ನಮ್ಮ 'ದ'. ಇಂಗ್ಲಿಷಿನಲ್ಲಿ ಪದದ ಮೊದಲಿಗೆ ಬರುವ ಪ, ಕ ಧ್ವನಿಗಳೊಂದಿಗೆ ಒಂದಿಷ್ಟು ಉಸಿರೂ ಹೊರಡುತ್ತದೆ. ಫ್ರೆಂಚಿನಲ್ಲಿ ಆ ಉಸಿರಿಲ್ಲ, ನಮ್ಮ ಅಲ್ಪಪ್ರಾಣಗಳ ಹಾಗೆಯೇ ಸಪ್ಪಗಿರುತ್ತವೆ. ಅಂದರೆ ಈ ವ್ಯಂಜನಗಳನ್ನು ಕನ್ನಡದ ಮಗು ಹುಟ್ಟಿನಿಂದಲೇ ಬಾಯಲ್ಲಿಟ್ಟುಕೊಂಡು ಬಂದಿರುತ್ತದೆ. ಆದರೆ ಪಟ್ಟಿಯ ಹಿಂಬದಿಯ ಇಂಗ್ಲಿಷ್ ಸೂಚನೆಯನ್ನು ಓದಿದ ಕೂಡಲೇ ಮಗಳು, ಶಾಲೆಯಲ್ಲಿ ಕಲಿತ ರೂಢಿಯಂತೆ, 'ಟೇಬಲ್', 'ಟೊಮೇಟೊ' ಎಂದು ಟಕಾರವನ್ನೇ ಹಚ್ಚತೊಡಗಿದಳು. ಆ ಸಾಲನ್ನು ಕೈಯಿಂದ ಮುಚ್ಚಿ, ಧ್ವನಿಮುದ್ರಣವನ್ನು ಕೇಳಿಸಿ, "ತ ಅಂತ ಹೇಳು, ತಟ್ಟೆಯ ತ" ಎಂದಾಗ ಎರಡನೆಯ ಸಲಕ್ಕೇ 'ತಾಬ್ಲ್', 'ತೊಮಾತ್' ಸರಿಯಾಗಿ ಬಂದವು. ಮರುದಿನ ನಾನು 120 ಪಟ್ಟಿಗಳ ಹಿಂಬದಿಯ ಉಚ್ಚಾರಣೆಯ ಸಾಲಿನ ಮೇಲೂ ಬಿಳಿ ಕಾಗದದ ಚೀಟಿ ಅಂಟಿಸಿದೆ. ಈ ಪೆಟ್ಟಿಗೆಗೆ ನಾನು ಮಾಡಿದ ಅತ್ಯಂತ ದೊಡ್ಡ ದುರಸ್ತಿ ಅದೇ.

ಮೂಗಿನ ಸ್ವರಗಳ ವಿಷಯದಲ್ಲಿ ಕೊಂಕಣಿ ಇನ್ನೂ ಹೆಚ್ಚು ಕೆಲಸಕ್ಕೆ ಬಂತು. ಫ್ರೆಂಚಿನಲ್ಲಿ 'ಎನ್' ಅಥವಾ 'ಎಮ್' ಬರೆದಿದ್ದರೂ ಎಷ್ಟೋ ಕಡೆ ನಾಲಿಗೆಯಾಗಲಿ ತುಟಿಯಾಗಲಿ ಮುಚ್ಚುವುದಿಲ್ಲ. ಸ್ವರವೇ ಅರ್ಧ ಮೂಗಿನಿಂದ ಹೊರಡುತ್ತದೆ. ಬಯಲುಸೀಮೆಯ ಕನ್ನಡಿಗರು ಇದನ್ನು 'ಬಾನ್', 'ಪಾನ್' ಎಂದು ನಕಾರ ಹಚ್ಚಿ ಹೇಳುವ ಸಂಭವವೇ ಹೆಚ್ಚು. ಕಾರವಾರದ ಮಗುವಿಗೆ ಆ ಕಷ್ಟವಿಲ್ಲ. ಊರು ಎಂಬುದಕ್ಕೆ ಕೊಂಕಣಿಯಲ್ಲಿ 'ಗಾಂವ್' ಎನ್ನುವಾಗ ನಡುವೆ ಕೇಳಿಸುವ ಸ್ವರ, ಮೀನಿಗೆ 'ನುಸ್ತೆಂ' ಎನ್ನುವಾಗ ಕೊನೆಯಲ್ಲಿ ಮೂಗಿಗೆ ಏರಿ ನಿಲ್ಲುವ ಸ್ವರ, ಇವೆರಡನ್ನೂ ಅವರು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಬ್ರೆಡ್ಡಿಗೆ ಫ್ರೆಂಚಿನಲ್ಲಿ 'ಪೆಂ' ಎನ್ನುತ್ತಾರೆ. "ನುಸ್ತೆಂ ಕೊನೆಯಲ್ಲಿ ಹೇಗೆ ಬರ್ತದೋ ಹಾಗೇ" ಎಂದ ತಕ್ಷಣ ಮಗ ಹೇಳಿದ್ದನ್ನು ತಂಗಿ ಫೋನಿನಲ್ಲಿ ಕೇಳಿ, ತನಗೆ ಆ ಸ್ವರ ಕೈಗೆ ಸಿಗಲು ವರ್ಷ ಹಿಡಿದಿತ್ತು ಎಂದಳು. ಅವಳು ಬೆಳೆದದ್ದು ಶಿರಸಿಯಲ್ಲಿ. ಕೊಂಕಣಿ ಅವಳ ಕಿವಿಗೆ ಅಷ್ಟಾಗಿ ಬಿದ್ದಿರಲಿಲ್ಲ.

ಉಳಿದದ್ದು ಎರಡು ಕಷ್ಟದ ಧ್ವನಿಗಳು. ಒಂದು ಫ್ರೆಂಚಿನ 'ಯು' ಅಕ್ಷರದ ಸ್ವರ. ನಮ್ಮ ಯಾವ ಭಾಷೆಯಲ್ಲಿಯೂ ಅದಿಲ್ಲ. ತುಟಿಯನ್ನು 'ಊ' ಎನ್ನುವಂತೆ ಮುಂದೆ ಚಾಚಿ ದುಂಡಗೆ ಮಾಡಿ, ಒಳಗೆ ನಾಲಿಗೆಯಿಂದ 'ಈ' ಎನ್ನಬೇಕು. ಇದನ್ನು ಕನ್ನಡಿಯ ಮುಂದೆ ನಿಲ್ಲಿಸಿಯೇ ಕಲಿಸಬೇಕಾಯಿತು. ಇನ್ನೊಂದು ಗಂಟಲಿನ 'ರ'. ಅದಕ್ಕೆ ಪಕ್ಕದ ಮನೆಯ ಉರ್ದು ನೆರವಾಯಿತು: 'ಗರೀಬ್', 'ಬಾಗ್' ಎನ್ನುವಾಗ ಅವರ ಗಂಟಲಿನಲ್ಲಿ ಉಜ್ಜಿಕೊಂಡು ಬರುವ ಗಕಾರ ಫ್ರೆಂಚಿನ ರಕಾರಕ್ಕೆ ಬಹಳ ಹತ್ತಿರ. ಕೈಪಿಡಿಯಲ್ಲಿ ಈ ಎರಡು ಧ್ವನಿಗಳ ಬಗ್ಗೆ ಇರುವುದು ಒಟ್ಟು ಮೂರು ಸಾಲು.

ಎರಡನೆಯ ದೊಡ್ಡ ಕೊರತೆ ಅಕ್ಷರಗಳದ್ದು. ಪಟ್ಟಿಗಳಲ್ಲಿ ಪದಗಳನ್ನೆಲ್ಲ ದೊಡ್ಡಕ್ಷರಗಳಲ್ಲಿ, ಮೇಲಿನ ಗುರುತುಗಳನ್ನು ಬಿಟ್ಟು ಮುದ್ರಿಸಿದ್ದಾರೆ. ಫ್ರೆಂಚಿನಲ್ಲಿ ಸ್ವರಗಳ ತಲೆಯ ಮೇಲಿನ ಗೀಟು ಅಲಂಕಾರವಲ್ಲ. ನಮ್ಮಲ್ಲಿ ಕೊಂಬು, ದೀರ್ಘ ಇದ್ದ ಹಾಗೆ, ಅದು ಬದಲಾದರೆ ಧ್ವನಿಯೂ ಅರ್ಥವೂ ಬದಲಾಗುತ್ತವೆ. ದೊಡ್ಡಕ್ಷರಗಳ ಮೇಲೂ ಗುರುತು ಇರಲೇಬೇಕು ಎಂಬುದು ಫ್ರಾನ್ಸಿನ ಭಾಷಾ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿಯ ನಿಲುವು. ನಮ್ಮ ಪೆಟ್ಟಿಗೆಯಲ್ಲಿ ಪೀಚ್ ಹಣ್ಣಿನ ಪಟ್ಟಿಯೊಂದಿದೆ. ಅದರ ಹೆಸರು 'ಪೆಶ್'; ಮೀನುಗಾರಿಕೆಗೂ ಅದೇ ಪದ, ಅದೇ ಕಾಗುಣಿತ. ಗುರುತು ಬದಲಾಗಿ 'ಪೇಶೇ' ಎಂದಾದರೆ ಪಾಪ ಎಂಬ ಅರ್ಥ. ಗುರುತುಗಳನ್ನೇ ತೆಗೆದುಬಿಟ್ಟರೆ ಹಣ್ಣು, ಮೀನುಗಾರಿಕೆ, ಪಾಪ ಮೂರೂ ಕಾಗದದ ಮೇಲೆ ಒಂದೇ ಆಗಿಬಿಡುತ್ತವೆ. ಬೈತಖೋಲ ಬಂದರಿನ ದೋಣಿಗಳನ್ನು ದಿನವೂ ನೋಡುವ ಮಕ್ಕಳಿಗೆ ಇದು ದೂರದ ಉದಾಹರಣೆಯಲ್ಲ. ನಾನು ಕಪ್ಪು ಸ್ಕೆಚ್ ಪೆನ್ನಿನಿಂದ ಪ್ರತಿ ಪಟ್ಟಿಯ ಕೆಳಗೆ ಸಣ್ಣಕ್ಷರಗಳಲ್ಲಿ, ಗುರುತು ಸಮೇತ, ಪದವನ್ನು ಮತ್ತೊಮ್ಮೆ ಬರೆದೆ.

ಮೀನಿನ ಪದದ ಬಗ್ಗೆಯೂ ಹೇಳಲೇಬೇಕು. ಫ್ರೆಂಚಿನಲ್ಲಿ ಮೀನು 'ಪ್ವಾಸೋಂ'. ಕಾಗುಣಿತದಲ್ಲಿ ಎರಡು 'ಎಸ್'. ಒಂದೇ 'ಎಸ್' ಬರೆದರೆ ಎರಡು ಸ್ವರಗಳ ನಡುವೆ ಸಿಕ್ಕಿ ಅದು ಜ಼ಕಾರವಾಗಿ, ಪದ 'ಪ್ವಾಜ಼ೋಂ' ಆಗುತ್ತದೆ, ಅರ್ಥ ವಿಷ ಎಂದಾಗುತ್ತದೆ. ಅಭ್ಯಾಸ ಪುಸ್ತಕದಲ್ಲಿ ಮಗಳು ಒಂದೇ 'ಎಸ್' ಬರೆದು, "ನನಗೆ ಮೀನು ಇಷ್ಟ" ಎಂಬ ವಾಕ್ಯವನ್ನು "ನನಗೆ ವಿಷ ಇಷ್ಟ" ಎಂದು ಮಾಡಿದ್ದಳು. ವ್ಯತ್ಯಾಸವನ್ನು ಹೇಳಿದ ಮೇಲೆ ಆ ಪದವನ್ನು ಅವಳು ಮತ್ತೆ ತಪ್ಪಿಲ್ಲ.

ಮೂರನೆಯದು ಧ್ವನಿಮುದ್ರಣ. ಒಂದು ಹೆಣ್ಣು ದನಿ, ಒಂದು ಗಂಡು ದನಿ, ಎರಡೂ ಸ್ಪಷ್ಟವಾಗಿವೆ, ನಿಧಾನವಾಗಿವೆ. ಆದರೆ ಪಟ್ಟಿಯ ಮೇಲೆ ಅಷ್ಟು ಜಾಗ್ರತೆಯಿಂದ ಮುದ್ರಿಸಿದ 'ಲ', 'ಲಾ'ಗಳನ್ನು ದನಿ ಹೇಳುವುದೇ ಇಲ್ಲ. ಬರಿಯ ಪದವನ್ನು ಹೇಳಿ ಮುಂದೆ ಹೋಗುತ್ತದೆ. ವಾಕ್ಯವಂತೂ ಒಂದೂ ಇಲ್ಲ. ಫ್ರೆಂಚ್ ಪದಗಳು ಒಂಟಿಯಾಗಿದ್ದಾಗ ಒಂದು ರೀತಿ, ಜೊತೆ ಸೇರಿದಾಗ ಇನ್ನೊಂದು ರೀತಿ ಕೇಳಿಸುತ್ತವೆ. ಪದದ ಕೊನೆಯಲ್ಲಿ ಬರೆದು ಉಚ್ಚರಿಸದೆ ಬಿಡುವ ವ್ಯಂಜನ, ಮುಂದಿನ ಪದ ಸ್ವರದಿಂದ ಆರಂಭವಾದರೆ ಎಚ್ಚೆತ್ತು ಅದಕ್ಕೆ ಅಂಟಿಕೊಳ್ಳುತ್ತದೆ. ಕನ್ನಡದ ಸಂಧಿಯನ್ನು ಓದಿದ ಪಾಲಕರಿಗೆ ಇದು ಹೊಸದೇನಲ್ಲ. 'ಮನೆ' ಮತ್ತು 'ಅನ್ನು' ಸೇರುವಾಗ ನಡುವೆ ಯಕಾರ ಬರುವುದನ್ನು ನಾವು ಬಲ್ಲೆವು. ನಮ್ಮಲ್ಲಿ ಹೊಸ ಅಕ್ಷರ ಆಗಮಿಸುತ್ತದೆ, ಅವರಲ್ಲಿ ಮಲಗಿದ್ದ ಅಕ್ಷರ ಏಳುತ್ತದೆ, ಅಷ್ಟೇ ವ್ಯತ್ಯಾಸ. 'ಇದು ಒಂದು ತಟ್ಟೆ' ಎಂಬುದರ ಮೂರು ಪದಗಳನ್ನು ಬಿಡಿಸಿ ಹೇಳಿದರೆ 'ಸೆ', 'ಯೂನ್', 'ಆಸ್ಯೆತ್'. ಕೂಡಿಸಿ ಹೇಳಿದರೆ 'ಸೆತ್ಯೂನಾಸ್ಯೆತ್' ಎಂದು ಒಂದೇ ಉಸಿರು. ಪಟ್ಟಿಯಿಂದ 'ಆಸ್ಯೆತ್' ಒಂದನ್ನೇ ಕಲಿತ ಮಗುವಿಗೆ, ಮಾತಿನ ನಡುವೆ ಅದೇ ಪದ ಬಂದಾಗ ಗುರುತು ಸಿಗುವುದಿಲ್ಲ. ಆದ್ದರಿಂದ ಪ್ರತಿ ಪದಕ್ಕೂ ಒಂದೊಂದು ಪುಟ್ಟ ವಾಕ್ಯವನ್ನು ತಂಗಿಯಿಂದ ವಾಟ್ಸಾಪಿನಲ್ಲಿ ಧ್ವನಿಸಂದೇಶವಾಗಿ ತರಿಸಿಕೊಂಡೆ. ಇಂಥ ತಂಗಿ ಎಲ್ಲರಿಗೂ ಇರುವುದಿಲ್ಲ. ತಯಾರಕರೇ ಈ ಕೆಲಸವನ್ನು ಮಾಡಬೇಕಿತ್ತು.

ನನ್ನ ಆಕ್ಷೇಪಗಳ ಪಟ್ಟಿ ಇಲ್ಲಿಗೆ ಮುಗಿಯಿತು. ಪೆಟ್ಟಿಗೆಯಲ್ಲಿರುವ ಪದಗಳನ್ನೇ ಹಿಡಿದು, ಕೈಪಿಡಿಯನ್ನು ಬದಿಗಿಟ್ಟು, ಕನ್ನಡದ ಮೂಲಕ ಕಲಿಸತೊಡಗಿದಾಗ ಆದ ಅನುಭವವನ್ನು ಇನ್ನು ಹೇಳಬೇಕು, ಏಕೆಂದರೆ ಆ ರೀತಿಯಲ್ಲಿ ಬಳಸಿದರೆ ಇದು ಒಳ್ಳೆಯ ಸಾಮಗ್ರಿಯೇ.

ವಾರದ ಹೆಸರುಗಳ ಪಟ್ಟಿಗಳನ್ನು ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಮಂಗಳವಾರದಿಂದ ಶುಕ್ರವಾರದವರೆಗಿನ ಹೆಸರುಗಳು ಉತ್ತರ ಯುರೋಪಿನ ಹಳೆಯ ದೇವತೆಗಳದ್ದು. ಮಗುವಿಗೆ ಅದರಿಂದ ಏನೂ ಹೊಳೆಯುವುದಿಲ್ಲ. ಫ್ರೆಂಚ್ ಹೆಸರುಗಳ ಒಳಗಿರುವುದು ನಮ್ಮ ಗ್ರಹಗಳೇ. ಚಂದ್ರನಿಗೆ 'ಲ್ಯೂನ್', ಸೋಮವಾರ 'ಲೆಂದಿ'. 'ಮಾರ್ದಿ'ಯಲ್ಲಿ ಮಂಗಳ, 'ಮೆರ್ಕ್ರೆದಿ'ಯಲ್ಲಿ ಬುಧ, 'ಜ಼ೊದಿ'ಯಲ್ಲಿ ಗುರು, 'ವಾಂದ್ರೆದಿ'ಯಲ್ಲಿ ಶುಕ್ರ. ಶನಿವಾರ ಮತ್ತು ಭಾನುವಾರಗಳಲ್ಲಿ ಮಾತ್ರ ಈ ಹೊಂದಿಕೆ ತಪ್ಪುತ್ತದೆ. 'ಸಾಮ್ದಿ' ಯೆಹೂದ್ಯರ ವಿಶ್ರಾಂತಿಯ ದಿನದಿಂದ ಬಂದದ್ದು, 'ದಿಮಾಂಶ್' ಕ್ರೈಸ್ತರ ಪ್ರಭುವಿನ ದಿನ. ಸೌರಮಂಡಲದ ಚಿತ್ರವನ್ನು ಮುಂದಿಟ್ಟು ಇದನ್ನು ಹೇಳಿದ ರಾತ್ರಿಯೇ ಮಗಳು ಏಳೂ ದಿನಗಳನ್ನು ಒಪ್ಪಿಸಿದಳು.

'ನೀನು', 'ನೀವು' ಎಂಬ ವ್ಯತ್ಯಾಸವೂ ಹಾಗೆಯೇ. ಇದನ್ನು ವಿವರಿಸಲು ಕೈಪಿಡಿ ಎರಡು ಪುಟ ವ್ಯಯಿಸಿದೆ, ಏಕೆಂದರೆ ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. "ಚಿಕ್ಕಮ್ಮನಿಗೆ ನೀನು ಅಂದ ಹಾಗೆ 'ತ್ಯು', ಟೀಚರಿಗೆ ನೀವು ಅಂದ ಹಾಗೆ 'ವೂ', ಎಷ್ಟೋ ಜನ ಒಟ್ಟಿಗಿದ್ದರೂ 'ವೂ'" ಎಂದರೆ ನಮ್ಮ ಮಕ್ಕಳಿಗೆ ಪಾಠ ಮುಗಿಯಿತು.

ಅಡುಗೆಮನೆಯ ಪಟ್ಟಿಗಳು ನನಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟವು. ಗೋವೆಯ ಗಡಿಯ ಪಕ್ಕದಲ್ಲಿರುವ ನಮ್ಮ ಮಾತಿನೊಳಗೆ ಪೋರ್ಚುಗೀಸ್ ಪದಗಳು ಬಹಳ ಹಿಂದೆಯೇ ಬಂದು ಸೇರಿವೆ. ಪೋರ್ಚುಗೀಸ್ ಮತ್ತು ಫ್ರೆಂಚ್ ಎರಡೂ ಲ್ಯಾಟಿನ್ ಭಾಷೆಯ ಮಕ್ಕಳು. ಬೆಳಿಗ್ಗೆ ಬೇಕರಿಯಿಂದ ತರುವ ಪಾವ್ ಮತ್ತು ಫ್ರೆಂಚರ 'ಪೆಂ' ಎರಡೂ ಒಂದೇ ಲ್ಯಾಟಿನ್ ಪದದಿಂದ ಹುಟ್ಟಿದವು. ಅನಾನಸು ಅಲ್ಲಿಯೂ 'ಆನಾನಾ'. ಸಾಬೂನು 'ಸಾವೋಂ'. ಬಟ್ಟೆ ಇಡುವ ಅಲಮಾರು 'ಆರ್ಮ್ವಾರ್'. ಕಮೀಸು 'ಶೆಮೀಜ಼್'. ಮಕ್ಕಳು ಇದನ್ನು ಆಟವನ್ನಾಗಿ ಮಾಡಿಕೊಂಡರು. ಪೆಟ್ಟಿಗೆಯಿಂದ ಪಟ್ಟಿ ಎತ್ತಿ, ಅಜ್ಜಿಯ ಮುಂದೆ ಹಿಡಿದು, ಕೊಂಕಣಿಯಲ್ಲಿಯೋ ಕನ್ನಡದಲ್ಲಿಯೋ ಅದರ ನೆಂಟ ಸಿಗುತ್ತಾನೆಯೇ ಎಂದು ಹುಡುಕುವುದು. ಹೊಂದದೇ ಇರುವವೂ ಬಹಳ. ನಮ್ಮ ಮೇಜಿಗೆ ಪೋರ್ಚುಗೀಸಿನ ನಂಟಿದೆ, ಫ್ರೆಂಚಿನ 'ತಾಬ್ಲ್' ಬೇರೆಯೇ. ಬಟಾಟೆಯ ವಿಷಯದಲ್ಲಿ ಪಟ್ಟಿ ಹೇಳಿದ್ದು 'ಪೋಮ್ ದ ತೇರ್', ಅಂದರೆ ನೆಲದ ಸೇಬು. ಭಾನುವಾರದ ಕರೆಯಲ್ಲಿ ತಂಗಿಯ ಮಗ ಅದನ್ನು 'ಪತಾತ್' ಎಂದ. ಕ್ವಿಬೆಕ್ಕಿನ ಮನೆಗಳಲ್ಲಿ ಹೆಚ್ಚು ಬಳಕೆಯ ಪದ ಅದೇ. "ಅಲ್ಲೂ ಬಟಾಟೆನೇ ಅಂತಾರಾ!" ಎಂದು ಅತ್ತೆ ಅಚ್ಚರಿಪಟ್ಟರು.

ಎಣಿಕೆಯ ಪಟ್ಟಿಗಳನ್ನು ಶಿರಸಿಯಲ್ಲಿ, ನನ್ನ ತವರಿನಲ್ಲಿ ಕಲಿಸಿದೆ. ಅರವತ್ತೊಂಬತ್ತರವರೆಗೆ ಫ್ರೆಂಚ್ ಎಣಿಕೆ ಸರಾಗ. ಎಪ್ಪತ್ತಕ್ಕೆ ಅವರು 'ಅರವತ್ತು-ಹತ್ತು' ಎನ್ನುತ್ತಾರೆ, ಎಂಬತ್ತಕ್ಕೆ 'ನಾಲ್ಕು-ಇಪ್ಪತ್ತು', ತೊಂಬತ್ತೊಂಬತ್ತಕ್ಕೆ 'ನಾಲ್ಕು-ಇಪ್ಪತ್ತು-ಹತ್ತು-ಒಂಬತ್ತು', ಅಂದರೆ 'ಕಾತ್ರ್ ವೆಂ ದೀಜ಼್ ನೆಫ್'. ಪಟ್ಟಿಯ ಮೇಲೆ ಬರಿಯ ಅಂಕಿ ಇದೆ, ಚಿತ್ರವಿಲ್ಲ, ಆದ್ದರಿಂದ ಮಗನಿಗೆ ತಲೆಬುಡ ತಿಳಿಯಲಿಲ್ಲ. ಜಗಲಿಯ ಮೇಲೆ ಒಣ ಅಡಿಕೆಯ ರಾಶಿ ಇತ್ತು. ಇಪ್ಪತ್ತರಂತೆ ನಾಲ್ಕು ಗುಡ್ಡೆ ಮಾಡಿಸಿದೆ; ಪಕ್ಕದಲ್ಲಿ ಹತ್ತರ ಒಂದು ಗುಡ್ಡೆ, ಅದರ ಪಕ್ಕದಲ್ಲಿ ಬಿಡಿಯಾಗಿ ಒಂಬತ್ತು. ಅವನು ಒಂದೊಂದೇ ಗುಡ್ಡೆಯ ಮೇಲೆ ಕೈಯಿಟ್ಟು ಹೆಸರು ಹೇಳುತ್ತ ಹೋದ. ಕೊನೆಯ ಒಂಬತ್ತು ಅಡಿಕೆ ಮುಟ್ಟುವ ಹೊತ್ತಿಗೆ ಸಂಖ್ಯೆಯ ಹೆಸರು ಪೂರ್ತಿಯಾಗಿತ್ತು. ಬೆಲ್ಜಿಯಂ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಿನಲ್ಲಿ ಎಪ್ಪತ್ತಕ್ಕೆ 'ಸೆಪ್ತಾಂತ್', ತೊಂಬತ್ತಕ್ಕೆ 'ನೊನಾಂತ್' ಎಂಬ ನೇರವಾದ ಪದಗಳಿವೆ. ಅದನ್ನು ತಿಳಿದ ಮಗಳು, ಎಲ್ಲರೂ ಹಾಗೆಯೇ ಹೇಳಬಾರದೇಕೆ ಎಂದು ಕೇಳಿದಳು.

ಫ್ರಾನ್ಸಿನ ಮಾತಿಗೂ ಕ್ವಿಬೆಕ್ಕಿನ ಮಾತಿಗೂ ಇರುವ ಭೇದವನ್ನು ಪೆಟ್ಟಿಗೆ ಎಲ್ಲಿಯೂ ಹೇಳುವುದಿಲ್ಲ. ಇಲ್ಲಿ ಸಂಜೆ ಏಳು ಗಂಟೆಯಾದಾಗ, ಬೇಸಿಗೆಯ ತಿಂಗಳುಗಳಲ್ಲಿ, ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ಆ ಹೊತ್ತಿಗೆ ತಂಗಿಯ ಮಗ ತಾನು 'ದೇಜ಼ನೇ' ಮಾಡುತ್ತಿದ್ದೇನೆ ಎಂದ. ನಮ್ಮ ಪಟ್ಟಿಯ ಪ್ರಕಾರ 'ದೇಜ಼ನೇ' ಎಂದರೆ ಮಧ್ಯಾಹ್ನದ ಊಟ, ಬೆಳಗಿನ ತಿಂಡಿ 'ಪೆತಿ ದೇಜ಼ನೇ'. ಬೆಳಿಗ್ಗೆಯೇ ಊಟವೇ ಎಂದು ಮಗಳು ಗಲಿಬಿಲಿಗೊಂಡಳು. ಕ್ವಿಬೆಕ್ಕಿನಲ್ಲಿ ಬೆಳಗಿನದು 'ದೇಜ಼ನೇ', ಮಧ್ಯಾಹ್ನದ್ದು 'ದಿನೇ', ರಾತ್ರಿಯದು 'ಸೂಪೇ' ಎಂದು ತಂಗಿ ವಿವರಿಸಿದಳು. ಅವನು 'ತ್ಯು' ಎನ್ನುವುದೂ ಮಗಳ ಕಿವಿಗೆ 'ತ್ಸ್ಯು' ಎಂದು ಕೇಳಿಸುತ್ತದೆ. ಅದು ಆ ಸೀಮೆಯ ಉಚ್ಚಾರಣೆ. ಘಟ್ಟದ ಮೇಲಿನ ಕನ್ನಡ ಬೇರೆ, ಕೆಳಗಿನ ಕನ್ನಡ ಬೇರೆ ಎಂದು ಬಲ್ಲ ನಮಗೆ ಇದು ಅರ್ಥವಾಗುವ ವಿಷಯವೇ. ಆದರೂ ಯಾವ ದೇಶದ ಫ್ರೆಂಚ್ ಮಗುವಿಗೆ ಬೇಕಾಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು.

ನಾನು ಮಾಡಿದ ಒಂದು ತಪ್ಪನ್ನು ಬೇರೆಯವರು ಮಾಡದಿರಲಿ. ಬಿಳಿ ಚೀಟಿ ಅಂಟಿಸಿದ ಮೇಲೆ ಅದರ ಮೇಲೆ ಕನ್ನಡ ಲಿಪಿಯಲ್ಲಿ ಉಚ್ಚಾರಣೆಯನ್ನು ಬರೆದಿದ್ದೆ. ಮೊದಲ ತಿಂಗಳು ಅದರಿಂದ ಅನುಕೂಲವಾಯಿತು. ಇಂಗ್ಲಿಷ್ ಅಕ್ಷರಗಳಿಗಿಂತ ನಮ್ಮ ಅಕ್ಷರಗಳು ಫ್ರೆಂಚಿನ ವ್ಯಂಜನಗಳನ್ನು ಹೆಚ್ಚು ನಿಖರವಾಗಿ ಹಿಡಿಯುತ್ತವೆ. ಮೂರನೆಯ ತಿಂಗಳಿಗೆ ಮಕ್ಕಳು ದನಿಯನ್ನು ಕೇಳುವುದನ್ನೇ ಬಿಟ್ಟು ಕನ್ನಡವನ್ನು ಓದತೊಡಗಿದರು. ನಮ್ಮ ಲಿಪಿಯಲ್ಲಿ ಬರೆಯಲಾಗದ ಸ್ವರಗಳು ಅವರ ಬಾಯಲ್ಲಿ ಸವೆದುಹೋಗಿ 'ಲ್ಯೂನ್' ಬರಿಯ 'ಲೂನ್' ಆಯಿತು. ಅಕ್ಟೋಬರ್ ರಜೆಯಲ್ಲಿ ಕನ್ನಡದ ಸಾಲನ್ನೂ ಮುಚ್ಚಿದೆ. ಕನ್ನಡದ ಕೀಲಿಯನ್ನು ಪಾಲಕರು ತಮ್ಮ ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಲಿ, ಮಗುವಿನ ಕಣ್ಣಿಗೆ ಬೀಳುವುದು ಬೇಡ.

ಅಭ್ಯಾಸ ಪುಸ್ತಕ ಸಾಧಾರಣ. ಬಣ್ಣ ತುಂಬುವುದು, ಗೆರೆ ಎಳೆದು ಹೊಂದಿಸುವುದು. ಎರಡನೆಯ ತರಗತಿಯವನಿಗೆ ಸಾಕು, ನಾಲ್ಕನೆಯ ತರಗತಿಯವಳಿಗೆ ಹದಿನೈದು ದಿನದಲ್ಲಿ ಮುಗಿದುಹೋಯಿತು.

ಇಷ್ಟು ಕಲಿತ ಮಕ್ಕಳನ್ನು ಮುಂದಕ್ಕೆ ಒಯ್ಯಲು ಬಯಸುವವರಿಗೆ ದಾರಿಗಳಿವೆ. ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆಂದೇ ಫ್ರಾನ್ಸಿನ ಶಿಕ್ಷಣ ಇಲಾಖೆಯ ಡೆಲ್ಫ್ ಪ್ರಿಮ್ ಎಂಬ ಪ್ರಮಾಣಪತ್ರದ ಪರೀಕ್ಷೆಯಿದೆ; ಅದರಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕೂ ಭಾಗಗಳಿಗೆ ಸಮಾನ ಅಂಕ, ತೇರ್ಗಡೆಗೆ ಒಟ್ಟು ನೂರಕ್ಕೆ ಕನಿಷ್ಠ ಐವತ್ತು ಬೇಕು. 1883ರಲ್ಲಿ ಪ್ಯಾರಿಸಿನಲ್ಲಿ ಆರಂಭವಾದ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆಯ ಕೇಂದ್ರಗಳು ಬೆಂಗಳೂರಿನಲ್ಲಿಯೂ ಪಣಜಿಯಲ್ಲಿಯೂ ಇವೆ. ಕಾರವಾರದವರಿಗೆ ಪಣಜಿಯೇ ಹತ್ತಿರ. ಫ್ರೆಂಚ್ ಭಾಷೆಯ ಟಿವಿ5 ಮೋಂದ್ ವಾಹಿನಿಯವರು ಅಂತರ್ಜಾಲದಲ್ಲಿ ಉಚಿತ ಪಾಠಗಳನ್ನು ಇಟ್ಟಿದ್ದಾರೆ. ಅವು ಮಕ್ಕಳಿಗಿಂತ ಕಲಿಸುವ ಪಾಲಕರಿಗೆ ಹೆಚ್ಚು ಒಗ್ಗುತ್ತವೆ. ನಾನು ನನ್ನ ಕಿವಿಯನ್ನು ತಿದ್ದಿಕೊಂಡದ್ದು ಅಲ್ಲಿಯೇ.

ಗುರುತುಗಳಿಲ್ಲದ ಅಕ್ಷರಗಳ ಬಗ್ಗೆ ಮತ್ತು ಉಪಪದವಿಲ್ಲದ ಧ್ವನಿಮುದ್ರಣದ ಬಗ್ಗೆ ತಯಾರಕರಿಗೆ ಎರಡು ಸಲ ಬರೆದೆ. ಸಲಹೆಯನ್ನು ಸಂಬಂಧಪಟ್ಟವರಿಗೆ ತಿಳಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಬಂದಿದೆ. ನಾನು ಈ ಪೆಟ್ಟಿಗೆಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ: ಚಿತ್ರಗಳಿಗೆ, ಬಣ್ಣದ ಅಂಚಿಗೆ ಮತ್ತು ಪದಗಳ ಆಯ್ಕೆಗೆ. ದಿನಕ್ಕೆ ಇಪ್ಪತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತು ತಾವೂ ಕಲಿಯಲು ಸಿದ್ಧರಿರುವ ಪಾಲಕರು ಇದನ್ನು ಕೊಳ್ಳಬಹುದು. ಪೆಟ್ಟಿಗೆ ಕೊಟ್ಟರೆ ಮಗು ತಾನೇ ಕಲಿತುಕೊಳ್ಳುತ್ತದೆ ಎಂದು ನಂಬಿದವರು ಕೊಳ್ಳುವುದು ಬೇಡ. ಎರಡನೆಯ ಹಂತದ ಪೆಟ್ಟಿಗೆಯನ್ನು ನಾವು ತರಿಸಲಿಲ್ಲ. ಮಗಳು ಹಳೆಯ ಮದುವೆ ಕರೆಯೋಲೆಗಳ ರಟ್ಟನ್ನು ಕತ್ತರಿಸಿ, ಪೆಟ್ಟಿಗೆಯಲ್ಲಿ ಇಲ್ಲದ ನಮ್ಮ ಊರಿನ ಪದಗಳನ್ನು ಬರೆಯುತ್ತಿದ್ದಾಳೆ. ಬಂಗಡೆ 'ಲ ಮಾಕ್ರೊ', ನೀಲಿ ಅಂಚು. ಸೀಗಡಿ 'ಲಾ ಕ್ರೆವೆತ್', ಕೆಂಪು ಅಂಚು. ಏಡಿ 'ಲ ಕ್ರಾಬ್', ನೀಲಿ. ಈವರೆಗೆ ಮೂವತ್ತೊಂದು ಪಟ್ಟಿಗಳಾಗಿವೆ, ಮತ್ತು ಪ್ರತಿಯೊಂದರ ಹಿಂದೆ, ಮಾಂಟ್ರಿಯಲ್ಲಿನ ತಮ್ಮನಿಗೆ ತೋರಿಸಲೆಂದು, ಆ ವಸ್ತುವಿನ ಕನ್ನಡ ಹೆಸರನ್ನೂ ದುಂಡಗೆ ಬರೆದಿಟ್ಟಿದ್ದಾಳೆ.